ಏಳು ನಿಮಿಷಗಳ ಭಯ

ಭಯವನ್ನು ದೂರವಿಡುವುದಕ್ಕಾಗಿ ಮನುಷ್ಯನು ಮನೆಗೆ ಬಾಗಿಲನ್ನಿಟ್ಟನು, ಬಾಗಿಲಿಗೆ ಅಗುಳಿಯನ್ನಿಟ್ಟನು, ಸಂಜೆಯಾದೊಡನೆ ದೀಪವನ್ನು ಹಚ್ಚಿದನು. ಅದೇ ಮನುಷ್ಯನು ರಜೆಯ ದಿನ ಹಣ ಕೊಟ್ಟು ಟಿಕೆಟು ಕೊಂಡು, ಕತ್ತಲೆಯ ಚಿತ್ರಮಂದಿರದಲ್ಲಿ ಅಪರಿಚಿತರ ನಡುವೆ ಕುಳಿತು, ಬೇಕೆಂದೇ ಭಯಪಟ್ಟು ಬರುತ್ತಾನೆ. ಇದು ಹೊಸ ಚಟವೇನೂ ಅಲ್ಲ. ಅಜ್ಜಿಯ ಕಥೆಯಲ್ಲಿ ರಾಕ್ಷಸನು ಗುಹೆಯಿಂದ ಹೊರಬರುವಾಗ ಮಗು ಕಣ್ಣುಗಳನ್ನು ಮುಚ್ಚಿಕೊಳ್ಳುತ್ತದೆ, ಕಿವಿಗಳನ್ನು ಮುಚ್ಚಿಕೊಳ್ಳುವುದಿಲ್ಲ. ಈ ವರ್ಷ ಒಂಬತ್ತನೆಯ ತರಗತಿಯ ನಾವು ಹನ್ನೊಂದು ಮಂದಿ ಸೇರಿ ಇಂತಹ ಏಳು ನಿಮಿಷಗಳ ಭಯವೊಂದನ್ನು ತಯಾರಿಸಿದೆವು. ಥ್ರಿಲ್ಲರ್ ಎಂದು ಕರೆಯುವ ಈ ಬಗೆಯ ಚಿತ್ರದ ಹಿಂದೆ ಎಷ್ಟು ಲೆಕ್ಕಾಚಾರವಿದೆ, ಆ ಲೆಕ್ಕಾಚಾರದ ಹಿಂದೆ ಇನ್ನೇನಿದೆ ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮುಂಬಯಿಯಲ್ಲಿ ಓದುವವರಾದ ನಮಗೆ ಚಲಚ್ಚಿತ್ರವು ದೂರದ ವಸ್ತುವಲ್ಲ. ೧೮೯೬ರ ಜುಲೈ ೭ರಂದು ಲ್ಯೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದುದು ಈ ನಗರದ ವಾಟ್ಸನ್ ಹೋಟೆಲಿನಲ್ಲಿ. ೧೯೧೩ರ ಮೇ ೩ರಂದು ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆ ಕಂಡುದು ಗಿರಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ. ಫಾಲ್ಕೆಯವರ ಪತ್ನಿ ಸರಸ್ವತಿಬಾಯಿಯವರು ಕತ್ತಲೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರಗಳನ್ನು ಮಾಡಿದರು. ಬಿಸಿಲಿನಲ್ಲಿ ಬಿಳಿಯ ಬಟ್ಟೆ ಹಿಡಿದು ನಿಂತು ನಟರ ಮುಖಕ್ಕೆ ಬೆಳಕನ್ನು ಹಾಯಿಸಿದರು. ತಂಡದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಅಂದಿನಿಂದ ನೂರು ವರ್ಷಗಳಿಗೂ ಮಿಕ್ಕಿ ಕಾಲ ಸಂದಿದೆ. ಇಂದು ಮೊಬೈಲ್ ಫೋನೇ ಕ್ಯಾಮರಾ ಆಗಿದೆ. ಆದರೂ ಬಿಳಿಯ ಬಟ್ಟೆಯ ಕೆಲಸ ಮುಗಿದಿಲ್ಲ. ನಮ್ಮ ತಂಡದ ಹುಡುಗಿಯೊಬ್ಬಳು ಮನೆಯಿಂದ ಬಿಳಿಯ ಚಾದರವೊಂದನ್ನು ತಂದು, ಅದನ್ನು ಹಿಡಿದು ಕೈ ಸೋಲುವವರೆಗೆ ನಿಂತಳು.

ಮೊದಲು ಕಥೆ ಬೇಕಾಯಿತು. ವಜ್ರದ ಕಳವು, ಹುಡುಗನ ಅಪಹರಣ, ಬಿಳಿಯ ಸೀರೆಯ ದೆವ್ವ—ಹೀಗೆ ಹನ್ನೊಂದು ಮಂದಿಯಿಂದ ಹದಿನಾಲ್ಕು ಕಥೆಗಳು ಬಂದವು. ನಮ್ಮ ಕನ್ನಡ ಗುರುಗಳು ಎಲ್ಲವನ್ನೂ ಸಮಾಧಾನದಿಂದ ಕೇಳಿ ಮೂರು ಕಟ್ಟಳೆಗಳನ್ನು ವಿಧಿಸಿದರು: ರಕ್ತವಾಗಲಿ ಆಯುಧವಾಗಲಿ ಇರಕೂಡದು, ಶಾಲೆಯ ಆವರಣವನ್ನು ದಾಟಕೂಡದು, ಪಾತ್ರಗಳು ಮೂರನ್ನು ಮೀರಕೂಡದು. ರೈಲು ನಿಲ್ದಾಣದ ದೃಶ್ಯವೊಂದಿರಲಿ ಎಂಬ ನಮ್ಮ ಆಸೆಯನ್ನೂ ಅವರು ಒಪ್ಪಲಿಲ್ಲ. ರೈಲ್ವೆ ಆವರಣದಲ್ಲಿ ಚಿತ್ರೀಕರಣಕ್ಕೆ ಇಲಾಖೆಯ ಅನುಮತಿ ಬೇಕು. ಕಟ್ಟಳೆಯಿಂದ ಕಥೆ ಬಡವಾದೀತೆಂದು ನಾವು ಅಂಜಿದೆವು. ಆಗ ಗುರುಗಳು ಸುನೀಲ್‌ಕುಮಾರ್ ದೇಸಾಯಿ ಅವರ ೧೯೯೩ರ ‘ನಿಷ್ಕರ್ಷ’ವನ್ನು ನೆನಪಿಸಿದರು. ಅದರ ಕಥೆಯ ಬಹುಭಾಗ ಒಂದೇ ಕಟ್ಟಡದೊಳಗೆ ನಡೆಯುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದಾಗಲೇ ಭಯಕ್ಕೆ ಬಲ ಬರುತ್ತದೆಯಷ್ಟೆ.

ನಮ್ಮ ಕಟ್ಟಡದ ಮೂರನೆಯ ಮಹಡಿಯನ್ನು ವಾಚಕರೆಲ್ಲರೂ ಬಲ್ಲರು. ಒಂದು ಕಾಲದಲ್ಲಿ ಒಂದೊಂದು ತರಗತಿಗೂ ಎರಡೆರಡು ವಿಭಾಗಗಳಿದ್ದುವಂತೆ. ಈಗ ಮಕ್ಕಳ ಸಂಖ್ಯೆ ಇಳಿದು, ಅಲ್ಲಿನ ನಾಲ್ಕು ಕೋಣೆಗಳಿಗೆ ಬೀಗ ಬಿದ್ದಿದೆ. ಒಳಗೆ ಬೆಂಚುಗಳಿವೆ, ಕಪ್ಪುಹಲಗೆಯಿದೆ, ಗೋಡೆಯ ಮೇಲೆ ಮಾಸಿದ ಕರ್ನಾಟಕದ ಭೂಪಟವಿದೆ, ಮಕ್ಕಳಿಲ್ಲ. ನಮ್ಮ ಕಥೆ ಹುಟ್ಟಿದುದು ಅಲ್ಲಿ. ಅದಕ್ಕೆ ‘ಹಾಜರಿ’ ಎಂದು ಹೆಸರಿಟ್ಟೆವು. ಹದಿನಾರನೆಯ ಸಂಖ್ಯೆಯ ಹುಡುಗನಿಗೆ ಮುಚ್ಚಿದ ಕೋಣೆಯಲ್ಲಿ ಹಾಜರಿ ಪುಸ್ತಕವೊಂದು ಸಿಗುತ್ತದೆ. ಶಾಲೆ ಬಿಟ್ಟುಹೋದ ಹದಿನೇಳನೆಯ ಹುಡುಗನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದೆ. ಆದರೆ ಆ ಗೆರೆಯ ಮುಂದೆ ದಿನದಿನವೂ ಯಾರೋ ‘ಹಾ’ ಎಂದು ಬರೆಯುತ್ತಿದ್ದಾರೆ. ಆ ದಿನದ ಶಾಯಿ ಇನ್ನೂ ಆರಿಲ್ಲ. ಬರೆಯುವವರು ಯಾರು?

ಇಂತಹ ಕಡೆ ಕತ್ತಲೆಯಿಂದ ಫಕ್ಕನೆ ಒಂದು ಕೈಯನ್ನು ಹೊರಚಾಚಿ ನೋಡುವವರನ್ನು ಬೆಚ್ಚಿಬೀಳಿಸುವುದು ಸುಲಭ. ಆದರೆ ಬೆಚ್ಚುವುದು ಬೇರೆ, ಭಯಪಡುವುದು ಬೇರೆ. ಆಲ್‌ಫ್ರೆಡ್ ಹಿಚ್‌ಕಾಕ್ ಎಂಬ ಪ್ರಸಿದ್ಧ ನಿರ್ದೇಶಕರು ೧೯೬೨ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರೂಫೋ ಅವರೊಡನೆ ನಡೆಸಿದ ಸಂಭಾಷಣೆಯಲ್ಲಿ ಈ ಭೇದವನ್ನು ಮೇಜಿನಡಿಯ ಬಾಂಬಿನ ದೃಷ್ಟಾಂತದಿಂದ ವಿವರಿಸಿದ್ದಾರೆ. ಬಾಂಬಿರುವುದು ಪ್ರೇಕ್ಷಕರಿಗೆ ತಿಳಿಯದಿದ್ದರೆ ಅದು ಸಿಡಿದಾಗ ಕೆಲವು ಕ್ಷಣಗಳ ಆಶ್ಚರ್ಯ ಮಾತ್ರ. ಪ್ರೇಕ್ಷಕರಿಗೆ ತಿಳಿದಿದ್ದು, ಮೇಜಿನ ಸುತ್ತ ಕುಳಿತವರಿಗೆ ತಿಳಿಯದಿದ್ದರೆ, ಅವರು ಆಡುವ ಲೋಕಾಭಿರಾಮದ ಒಂದೊಂದು ಮಾತೂ ಪ್ರೇಕ್ಷಕರ ಎದೆಯನ್ನು ಹಿಂಡುತ್ತದೆ. ಈ ತತ್ತ್ವವನ್ನು ನಾವು ನಮ್ಮ ಬಡ ಕೋಣೆಗೆ ಅಳವಡಿಸಿದೆವು. ಹುಡುಗನು ಬಾಗಿಲಿಗೆ ಬೆನ್ನು ಮಾಡಿ ಪುಸ್ತಕದ ಹಾಳೆ ತಿರುವುತ್ತಿದ್ದಾನೆ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಎರಡು ಕಾಲುಗಳ ನೆರಳು ಬಂದು ನಿಲ್ಲುತ್ತದೆ. ನೋಡುವವರಿಗೆ ಅದು ಕಾಣುತ್ತದೆ, ಅವನಿಗೆ ಕಾಣದು.

ಬಂದವರ ಮುಖವನ್ನು ಕೊನೆಯವರೆಗೂ ತೋರಿಸಕೂಡದೆಂದು ನಿಶ್ಚಯಿಸಿದೆವು. ಕಾಣದುದನ್ನು ಮನಸ್ಸು ತಾನೇ ಚಿತ್ರಿಸಿಕೊಳ್ಳುತ್ತದೆ. ೧೯೭೪ರಲ್ಲಿ ಸ್ಪೀಲ್‌ಬರ್ಗ್ ಅವರು ‘ಜಾಸ್’ ಚಿತ್ರವನ್ನು ತೆಗೆಯುವಾಗ ಯಂತ್ರದ ಶಾರ್ಕ್ ಮೀನು ಸಮುದ್ರದ ನೀರಿನಲ್ಲಿ ಮತ್ತೆ ಮತ್ತೆ ಕೆಟ್ಟು ನಿಂತಿತು. ಆದುದರಿಂದ ಅವರು ಬಹುಹೊತ್ತಿನವರೆಗೆ ಮೀನನ್ನು ತೋರಿಸದೆ, ಅದರ ಸುಳಿವನ್ನು ಮಾತ್ರ ತೋರಿಸಿದರು. ಚಿತ್ರದ ಭಯವೆಲ್ಲ ಆ ಸುಳಿವಿನಲ್ಲಿಯೇ ಇದೆ. ನಮ್ಮಲ್ಲಿ ಕೆಡುವುದಕ್ಕೆ ಯಂತ್ರವೇ ಇರಲಿಲ್ಲವಾದುದರಿಂದ ಈ ಮಾರ್ಗವು ನಮಗೆ ಬಹಳ ಒಪ್ಪಿತು.

ಕಥೆಯನ್ನು ಬರೆದು ಓದಿದಾಗ ಗುರುಗಳು ಒಂದೇ ಪ್ರಶ್ನೆ ಕೇಳಿದರು: “ಈ ಹದಿನೇಳನೆಯವನು ಬೆಂಚಿನ ಮೇಲಿದ್ದಾಗ ಏನು ಮಾಡುತ್ತಿದ್ದ?” ಯಾರ ವಿಷಯದಲ್ಲಿ ನಮಗೆ ಅಕ್ಕರೆಯಿಲ್ಲವೋ ಅವರ ವಿಷಯದಲ್ಲಿ ನಮಗೆ ಭಯವೂ ಆಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಆದುದರಿಂದ ಚಿತ್ರದ ಮೊದಲಲ್ಲಿ ಅರ್ಧ ನಿಮಿಷವನ್ನು ಸೇರಿಸಿದೆವು. ಇಬ್ಬರು ಹುಡುಗರು ಒಂದು ವಡಾಪಾವನ್ನು ಎರಡು ಭಾಗ ಮಾಡಿ ತಿನ್ನುತ್ತಾರೆ. ದೊಡ್ಡ ಭಾಗ ಯಾರಿಗೆಂದು ಜಗಳವಾಡುತ್ತಾರೆ. ಅದರಲ್ಲಿ ರಹಸ್ಯವೇನೂ ಇಲ್ಲ. ಆದರೆ ಮುಂದಿನ ಆರೂವರೆ ನಿಮಿಷಗಳು ನಿಂತಿರುವುದು ಆ ಅರ್ಧ ನಿಮಿಷದ ಮೇಲೆ.

ಮುಂದಿನದು ಕಾಗದದ ಕೆಲಸ. ಒಂದು ಪುಟದ ಬರಹಕ್ಕೆ ಸುಮಾರು ಒಂದು ನಿಮಿಷದ ಚಿತ್ರವೆಂಬುದು ರೂಢಿ; ಏಳು ಪುಟಗಳಾದವು. ಅವನ್ನು ೪೬ ಷಾಟುಗಳಾಗಿ ಒಡೆದು, ಒಂದೊಂದಕ್ಕೂ ಕಡ್ಡಿಗೊಂಬೆಗಳ ಚಿತ್ರ ಬರೆದು, ಸ್ಥಳ, ಪಾತ್ರ, ಉಡುಪು, ಸಾಮಾನು, ಶಬ್ದ ಎಂದು ಕೋಷ್ಟಕ ಹಾಕಿದೆ. ಈ ಪಟ್ಟಿಯನ್ನು ಕಾಯುವುದೇ ನನ್ನ ಕೆಲಸವಾಗಿತ್ತು. ಸೆಕೆಂಡಿಗೆ ೨೪ ಚಿತ್ರಗಳಂತೆ ಏಳು ನಿಮಿಷಕ್ಕೆ ೧೦,೦೮೦ ಚಿತ್ರಗಳು. ಅಷ್ಟರಲ್ಲಿ ಎಲ್ಲಿಯಾದರೂ ಹುಡುಗನ ಅಂಗಿಯ ಗುಂಡಿ ಒಮ್ಮೆ ಹಾಕಿದ್ದು ಒಮ್ಮೆ ಬಿಚ್ಚಿದ್ದರೆ ಪ್ರೇಕ್ಷಕರ ಭಯವೆಲ್ಲ ನಗೆಯಾಗಿಬಿಡುತ್ತದೆ.

ಪಟ್ಟಿ ಮುಗಿದ ಮರುದಿನ ಸುದ್ದಿಯೊಂದು ಬಂದಿತು. ಹದಿನಾರನೆಯವನ ಪಾತ್ರಕ್ಕೆ ನಾವು ಆರಿಸಿದ್ದ ಗೆಳೆಯನ ತಂದೆ ಕಟ್ಟಡದ ಕೆಲಸದವರು. ಇಲ್ಲಿಯ ಕೆಲಸ ತೀರಿ, ಮನೆಯವರೆಲ್ಲ ಕಲಬುರಗಿ ಜಿಲ್ಲೆಯ ತಮ್ಮ ಊರಿಗೆ ಹಿಂದಿರುಗಲಿದ್ದರು. ಉಳಿದುದು ಒಂಬತ್ತು ದಿನ. ಬೇರೊಬ್ಬನನ್ನು ಹಾಕಿಕೊಳ್ಳೋಣವೆಂದು ಕೆಲವರೆಂದರು. ಅದು ಅನುಕೂಲದ ಮಾತೇ ಸರಿ. ಆದರೆ ಬೆಂಚಿನಿಂದ ಎದ್ದುಹೋದ ಹುಡುಗನೊಬ್ಬನನ್ನು ಮರೆಯಲಾರದವರ ಕಥೆಯನ್ನು ತೆಗೆಯಹೊರಟು, ಇನ್ನೂ ಬೆಂಚಿನಲ್ಲಿಯೇ ಕುಳಿತಿರುವವನನ್ನು ತೆಗೆದುಹಾಕುವುದು ಹೇಗೆ? ಯಾರೂ ಈ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಅವನೇ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, “ಮೊದಲ ನನ್ನ ಮುಖದ್ದು ತಗೀರಿ, ಆಮ್ಯಾಗ ಉಳಿದದ್ದು” ಎಂದನು.

ಚಿತ್ರಗಳನ್ನು ಕಥೆಯ ಕ್ರಮದಲ್ಲಿ ತೆಗೆಯಬೇಕೆಂಬ ನಿಯಮವೇನೂ ಇಲ್ಲ; ಸ್ಥಳ ಮತ್ತು ನಟರ ಅನುಕೂಲದಂತೆ ತೆಗೆದು ಆಮೇಲೆ ಜೋಡಿಸುವುದೇ ಎಲ್ಲೆಡೆಯ ಪದ್ಧತಿ. ಲೆಕ್ಕ ಹಾಕಿದಾಗ, ಅವನ ಮುಖ ಕಾಣುವ ಷಾಟುಗಳು ೧೯, ಬೆನ್ನು ಅಥವಾ ಕೈಕಾಲು ಮಾತ್ರ ಕಾಣುವವು ೧೧, ಅವನಿಲ್ಲದವು ೧೬ ಎಂದಾಯಿತು. ಮೊದಲ ಹತ್ತೊಂಬತ್ತನ್ನು ಎರಡು ಶನಿವಾರ, ಒಂದು ಭಾನುವಾರಗಳಲ್ಲಿ ಮುಗಿಸಿದೆವು. ಹಗಲಿನಲ್ಲಿಯೇ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ಇರುಳನ್ನು ಮಾಡಿಕೊಂಡೆವು. ಫೋನನ್ನು ಕರೆ ಬಾರದಂತೆ ಮಾಡಿ, ಬೆಳಕಿನ ಮಟ್ಟವನ್ನು ಸ್ಥಿರಗೊಳಿಸಿ, ಬೆಂಚಿಗೆ ಕಟ್ಟಿದೆವು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆಯೆಳೆದು ಕ್ಯಾಮರಾ ಅದನ್ನು ದಾಟದಂತೆ ನೋಡಿಕೊಂಡೆವು. ದಾಟಿದರೆ ಎಡಕ್ಕೆ ನೋಡುತ್ತಿದ್ದವನು ಬಲಕ್ಕೆ ನೋಡಿದಂತಾಗಿ, ಬಾಗಿಲು ಯಾವ ಕಡೆಗಿದೆಯೆಂಬುದೇ ತಿಳಿಯದೆ ಹೋಗುತ್ತದೆ.

ಮಾತಿನ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ನಾನು ಬರೆದಿದ್ದುದು “ಒಳಗೆ ಯಾರಿದ್ದೀರಿ?” ಎಂದು. ನಮ್ಮ ಗೆಳೆಯನು ಕತ್ತಲೆಯಲ್ಲಿ ನಿಂತೊಡನೆ ಅವನ ಬಾಯಿಂದ ಬಂದುದು “ಯಾರದಾರ ಒಳಗ?” ಎಂದು. ತಿದ್ದಬೇಕೇ ಎಂದು ಗುರುಗಳತ್ತ ನೋಡಿದೆವು. ಭಯಗೊಂಡವನು ತಾಯಿಯ ಮಾತನ್ನೇ ಆಡುತ್ತಾನೆ, ಅದು ಹಾಗೆಯೇ ಇರಲಿ ಎಂದರು. ತುಳು, ಮರಾಠಿ, ಹಿಂದಿ, ಬಯಲುಸೀಮೆಯ ಕನ್ನಡ ಎಲ್ಲವೂ ಬೆರೆತ ನಮ್ಮ ತರಗತಿಯಲ್ಲಿ ಆ ಮಾತು ಎಷ್ಟು ನಿಜವೆಂದು ಆಗ ತಿಳಿಯಿತು.

ಅವನು ಹೊರಡುವ ಹಿಂದಿನ ಸಂಜೆ ತನ್ನ ಸಮವಸ್ತ್ರದ ಅಂಗಿಯನ್ನು ಮಡಿಸಿ ತಂದು ನನ್ನ ಕೈಗೆ ಕೊಟ್ಟನು. ಬೆನ್ನು ಮಾತ್ರ ಕಾಣುವ ಹನ್ನೊಂದು ಷಾಟುಗಳಲ್ಲಿ ಅದೇ ಎತ್ತರದ ಎಂಟನೆಯ ತರಗತಿಯ ಹುಡುಗನೊಬ್ಬನು ಆ ಅಂಗಿಯನ್ನು ಧರಿಸಿ ನಿಂತನು. ತೆರೆಯ ಮೇಲೆ ನೋಡಿದವರಾರಿಗೂ ಭೇದ ತಿಳಿಯಲಿಲ್ಲ. ನಮಗೆ ಮಾತ್ರ ತಿಳಿಯುತ್ತಿತ್ತು.

ಮುಂದಿನ ಸೋಮವಾರ ತರಗತಿಯಲ್ಲಿ ಹಾಜರಿ ಕೂಗುವಾಗ ಗುರುಗಳು ಅವನ ಸಂಖ್ಯೆಯನ್ನು ಬಿಟ್ಟು ಮುಂದಿನ ಸಂಖ್ಯೆಯನ್ನು ಕೂಗಿದರು. ನಮ್ಮ ಚಿತ್ರದ ಕೊನೆಯ ದೃಶ್ಯವೂ ಇದೇ. ಹದಿನೇಳನೆಯ ಹುಡುಗನು ಚಹಾದಂಗಡಿಯ ಕೆಲಸ ಮುಗಿಸಿ, ಒದ್ದೆ ಕೈ ಒರೆಸಿಕೊಂಡು ಬಂದು, ತನ್ನ ಹಾಜರಿಯನ್ನು ತಾನೇ ಬರೆಯುತ್ತಿದ್ದುದು ಪತ್ತೆಯಾದ ಮರುದಿನ, ಗುರುಗಳು “ಹದಿನಾರು, ಹದಿನೆಂಟು” ಎಂದು ಕೂಗುತ್ತಾರೆ. ಹದಿನಾರನೆಯವನು ಎದ್ದು ನಿಂತು, “ಸರ್, ಹದಿನೇಳು ಬಿಟ್ಟುಹೋತ್ರಿ” ಎನ್ನುತ್ತಾನೆ. ಆ ಸೋಮವಾರ ಯಾರೂ ಎದ್ದು ನಿಲ್ಲಲಿಲ್ಲ. ಆ ಮಾತು ಎಲ್ಲರಿಗೂ ಬಾಯಿಪಾಠವಾಗಿತ್ತು.

ಇನ್ನು ಶಬ್ದದ ಮಾತು. ಚಿತ್ರದಲ್ಲಿ ಭಯವು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಒಳಹೋಗುತ್ತದೆ. ಹೆಜ್ಜೆಯ ಸಪ್ಪಳಕ್ಕೆ ಒದ್ದೆ ಚಪ್ಪಲಿ, ಹಾಳೆಯ ಸಪ್ಪಳಕ್ಕೆ ಹಳೆಯ ಪಂಚಾಂಗ ಬೇಕಾದವು. ಮಾತು ನಿಂತಾಗ ಹಿನ್ನೆಲೆ ಪೂರಾ ಸತ್ತುಹೋಗಬಾರದೆಂದು ಖಾಲಿ ಕೋಣೆಯ ಶಬ್ದವನ್ನೇ ಒಂದು ನಿಮಿಷ ಬೇರೆಯಾಗಿ ಮುದ್ರಿಸಿಕೊಳ್ಳುವುದು ಕ್ರಮ. ನಾವು ಹನ್ನೊಂದು ಮಂದಿಯಲ್ಲಿ ಉಳಿದ ಹತ್ತು ಮಂದಿ ಉಸಿರು ಬಿಗಿಹಿಡಿದು ಮೂರನೆಯ ಮಹಡಿಯಲ್ಲಿ ನಿಂತೆವು. ಖಾಲಿ ಕೋಣೆಗೂ ಒಂದು ದನಿಯಿದೆ: ಪಾರಿವಾಳದ ರೆಕ್ಕೆ, ನಲ್ಲಿಯ ಹನಿ, ದೂರದಲ್ಲಿ ಕೆಳಗಿನ ತರಗತಿಯ ಮಗ್ಗಿ.

ಜೋಡಣೆಗೆ ಕುಳಿತಾಗ ಕೊನೆಯ ಆ ಒಂದು ಮಾತಿನ ಮೇಲೆಯೇ ಲೋಕಲ್ ರೈಲು ಹಾದುಹೋಗಿದ್ದುದು ಕಂಡುಬಂತು. ಮೂರು ಸಲ ತೆಗೆದಿದ್ದೆವು. ಮೂರು ಸಲವೂ ರೈಲು ತಪ್ಪದೆ ಬಂದಿತ್ತು. ಗೆಳೆಯನಿಗೆ ಸುದ್ದಿ ಕಳುಹಿಸಿದೆವು. ಎರಡು ದಿನಗಳ ಮೇಲೆ, ಐದುನೂರು ಕಿಲೋಮೀಟರಿಗೂ ಆಚೆಯ ಊರಿನಿಂದ ಅವನ ದನಿ ಬಂದಿತು. ಗಾಳಿಯ ಸದ್ದು ಬಾರದಿರಲೆಂದು ತಲೆಯ ಮೇಲೆ ಕಂಬಳಿ ಹೊದ್ದು ಮಾತಾಡಿದ್ದನು. ಮಾತಿನ ಕೊನೆಯಲ್ಲಿ, ತಾನು ಅಲ್ಲಿಯ ಶಾಲೆಗೆ ಸೇರಿರುವುದಾಗಿಯೂ, ಅಲ್ಲಿ ತನ್ನ ಹಾಜರಿ ಸಂಖ್ಯೆ ನಲವತ್ತೆರಡು ಎಂದೂ ತಿಳಿಸಿದ್ದನು. ಆ ಭಾಗವನ್ನು ಚಿತ್ರದಲ್ಲಿ ಸೇರಿಸಿಲ್ಲ, ತರಗತಿಯವರೆಲ್ಲ ಕೇಳಿದ್ದಾರೆ.

ಪೋಷಕರ ಸಭೆಯಲ್ಲಿ ಚಿತ್ರವನ್ನು ತೋರಿಸಿದಾಗ ಬಾಗಿಲಿನ ಸಂದಿಯ ನೆರಳಿಗೆ ಕಿರಿಯ ಮಕ್ಕಳು ಕಿರುಚಿದರು. ಕೊನೆಯ ಮಾತಿಗೆ ದೊಡ್ಡವರ ಕಡೆ ಸದ್ದೇ ಇರಲಿಲ್ಲ. ಅವರಲ್ಲಿ ಹಲವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಕೆಲವರು ಓದು ಬಿಟ್ಟವರು.

ಮುಂದಿನ ವರ್ಷ ಚಿತ್ರ ತೆಗೆಯಬೇಕೆಂದಿರುವ ಕಿರಿಯ ಗೆಳೆಯರಲ್ಲಿ ಒಂದೆರಡು ವಿಜ್ಞಾಪನೆಗಳಿವೆ. ಕ್ಯಾಮರಾಕ್ಕಿಂತ ಮೊದಲು ಪಟ್ಟಿಯನ್ನು ಸಿದ್ಧಮಾಡಿಕೊಳ್ಳಿರಿ. ಪಟ್ಟಿಯೆಂದರೆ ಬರಿಯ ಲೆಕ್ಕವಲ್ಲ. ಯಾರು ಎಷ್ಟು ದಿನ ನಮ್ಮೊಡನಿರುತ್ತಾರೆ, ಅವರನ್ನು ಬಿಡದೆ ಕೆಲಸ ಮುಗಿಸುವುದು ಹೇಗೆ ಎಂಬ ಯೋಚನೆ. ಪ್ರೇಕ್ಷಕರನ್ನು ಹೆದರಿಸುವ ಮೊದಲು ನಿಮ್ಮ ಪಾತ್ರವನ್ನು ಅವರು ಪ್ರೀತಿಸುವಂತೆ ಮಾಡಿರಿ. ಮಿಕ್ಕುದನ್ನು ನೆರಳು ನೋಡಿಕೊಳ್ಳುತ್ತದೆ. ಮೂರನೆಯ ಮಹಡಿಯ ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿಯಿದೆ. ವಿನಯದಿಂದ ಕೇಳಿದರೆ ಕೊಡುತ್ತಾರೆ. ಸಂಜೆ ಏಳು ಗಂಟೆಯೊಳಗೆ ಹಿಂದಿರುಗಿಸಬೇಕು.