ಕಾರ್ಡಸ್‌ಗೆ ಅವಸರವಿಲ್ಲ

ನೆವಿಲ್ ಕಾರ್ಡಸ್‌ನನ್ನು ಓದಲು ಕೂತರೆ ನನಗೆ ಭಾನುವಾರದ ಮಧ್ಯಾಹ್ನ ಪೂರ್ತಿ ಬೇಕು. ಊಟ ಮುಗಿದಿರಬೇಕು, ಫೋನು ಇನ್ನೊಂದು ಕೋಣೆಯಲ್ಲಿರಬೇಕು. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಆಡಿ ಮುಗಿಸಿದ, ಇವತ್ತು ಯಾರಿಗೂ ಫಲಿತಾಂಶ ಬೇಕಿಲ್ಲದ ಕೌಂಟಿ ಪಂದ್ಯವೊಂದನ್ನು ಆತ ಊಟಕ್ಕೆ ಮುಂಚೆ, ಚಹಾಕ್ಕೆ ಮುಂಚೆ ಎಂದು ನಿಧಾನವಾಗಿ ಮತ್ತೆ ಆಡಿಸುತ್ತಾನೆ. ಯಾರ್ಕ್‌ಷೈರಿನ ಎಮ್ಮಟ್ ರಾಬಿನ್‌ಸನ್ ಜಾರುವ ಪ್ಯಾಂಟನ್ನು ಮೇಲೆಳೆದುಕೊಂಡರೂ ಅದಕ್ಕೊಂದು ವಾಕ್ಯ ಸಿಗುತ್ತದೆ. ಓದಿನಲ್ಲಿ ಇಷ್ಟು ಸುಖ ಕೊಡುವ ಪುಟಗಳು ನನ್ನ ಕಪಾಟಿನಲ್ಲಿ ಹೆಚ್ಚಿಲ್ಲ.

ನನ್ನ ಗೆಳೆಯನೊಬ್ಬ ಇದನ್ನು ಒಪ್ಪುವವನಲ್ಲ. ಅವನಿಗೂ ನನ್ನಷ್ಟೇ ಕ್ರಿಕೆಟ್ ಹುಚ್ಚು, ಹಳೆಯ ಕ್ರಿಕೆಟ್ ಪುಸ್ತಕಗಳ ಹುಚ್ಚು ನನಗಿಂತ ಒಂದು ಕೈ ಮೇಲು. ಅವನ ಮೆಚ್ಚಿನ ಲೇಖಕ ರಾಬರ್ಟ್‌ಸನ್-ಗ್ಲಾಸ್ಗೋ. ಸಾಮರ್‌ಸೆಟ್‌ಗೆ ಬೌಲ್ ಮಾಡಿ ಆಮೇಲೆ ಪತ್ರಿಕೆಗೆ ಬರೆದವ, ಒಬ್ಬ ಆಟಗಾರನನ್ನು ಒಂದೆರಡು ಪುಟದೊಳಗೆ ಕಣ್ಣೆದುರು ನಿಲ್ಲಿಸಬಲ್ಲವ. “ನಿನ್ನ ಕಾರ್ಡಸ್ ಟಾಸ್ ಹಾಕೋ ಹೊತ್ತಿಗೆ ಇವನು ಡಿಕ್ಲೇರ್ ಮಾಡಿರ್ತಾನೆ ಕಣೋ” ಎನ್ನುತ್ತಾನೆ ಗೆಳೆಯ. ಗ್ಲಾಸ್ಗೋ ದೊಡ್ಡ ಬರಹಗಾರ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಚಿಕ್ಕದಾಗಿ ಬರೆದದ್ದೇ ಚೊಕ್ಕ, ಉದ್ದ ಬರೆದದ್ದೆಲ್ಲ ಕೊರೆತ ಎನ್ನುವ ತೀರ್ಮಾನವನ್ನು ಎಷ್ಟು ಯೋಚಿಸಿದರೂ ಒಪ್ಪಲಾರೆ.

ಕಾರ್ಡಸ್ ಈ ಕೆಲಸಕ್ಕೆ ಬಂದದ್ದು ಕಾಯಿಲೆ ಬಿದ್ದದ್ದರಿಂದ. ಮ್ಯಾಂಚೆಸ್ಟರಿನ ಬಡ ಮನೆಯ ಹುಡುಗ, ಶಾಲೆ ಬೇಗ ಬಿಟ್ಟವ, ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆ ಸೇರಿದ್ದ. 1919ರಲ್ಲಿ ಆರೋಗ್ಯ ಕೆಟ್ಟಾಗ, ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಹೋಗಿ ಒಂದಿಷ್ಟು ಗಾಳಿ ಕುಡಿದು ಬಾ, ಹಾಗೆಯೇ ಪಂದ್ಯದ ಬಗ್ಗೆಯೂ ಬರೆ ಎಂದು ಪತ್ರಿಕೆಯವರು ಕಳಿಸಿದರು. ಅಲ್ಲಿಂದ ಎರಡನೇ ಮಹಾಯುದ್ಧದವರೆಗೂ ‘ಕ್ರಿಕೆಟರ್’ ಎಂಬ ಹೆಸರಿನಲ್ಲಿ ಬರೆದ, ಅದೇ ಪತ್ರಿಕೆಗೆ ಸಂಗೀತ ವಿಮರ್ಶೆಯನ್ನೂ ಬರೆದ. ಟಿವಿ ಇಲ್ಲದ ಕಾಲ. ಮೈದಾನಕ್ಕೆ ಹೋಗಲಾಗದವನಿಗೆ ಸ್ಕೋರು ಸಿಗುತ್ತಿತ್ತು, ಆಟ ಸಿಗುತ್ತಿರಲಿಲ್ಲ. ಆ ಆಟವನ್ನು ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಮನೆಗೆ ತಲುಪಿಸುವುದು ಕಾರ್ಡಸ್‌ನ ಕೆಲಸ. ಅದಕ್ಕೆ ಜಾಗ ಬೇಕಿತ್ತು. ಪತ್ರಿಕೆಯೂ ಧಾರಾಳವಾಗಿ ಕೊಟ್ಟಿತು.

ನಮ್ಮಿಬ್ಬರ ವಾದ ಪ್ರತಿ ಸಲವೂ ಈಸ್ಟ್‌ಬೋರ್ನ್ ಪಂದ್ಯಕ್ಕೆ ಬಂದು ನಿಲ್ಲುತ್ತದೆ. 1921ರ ಆಗಸ್ಟ್. ವಾರ್ವಿಕ್ ಆರ್ಮ್‌ಸ್ಟ್ರಾಂಗ್‌ನ ಆಸ್ಟ್ರೇಲಿಯಾ ತಂಡ ಆ ಬೇಸಿಗೆಯಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಇವರನ್ನು ಸೋಲಿಸುವ ತಂಡ ನಾನು ಕಟ್ಟುತ್ತೇನೆ ಎಂದು ಹೊರಟವನು 49 ವರ್ಷದ ಆರ್ಚಿ ಮೆಕ್ಲಾರೆನ್. ಅವನ ತಂಡ ಮೊದಲ ಇನ್ನಿಂಗ್ಸ್‌ನಲ್ಲಿ 43ಕ್ಕೆ ಆಲೌಟ್. ಆಸ್ಟ್ರೇಲಿಯಾ 174. ಎರಡನೇ ಸಲ ಆಬ್ರಿ ಫಾಕ್ನರ್ 153 ಹೊಡೆದ, ಮೊತ್ತ 326ಕ್ಕೆ ಏರಿತು. ಗೆಲ್ಲಲು 196 ಬೇಕಿದ್ದ ಆಸ್ಟ್ರೇಲಿಯಾ 167ಕ್ಕೆ ಮುಗಿದು, 28 ರನ್ನಿನಿಂದ ಸೋತಿತು.

“ನೋಡು, ಐದಾರು ಸಾಲಿನಲ್ಲಿ ಮುಗೀತಲ್ಲ, ಮೈ ಜುಮ್ ಅನ್ನಲಿಲ್ವಾ?” ಎನ್ನುತ್ತಾನೆ ಗೆಳೆಯ. ನಿಜ, ಅಂದಿತು. ಆದರೆ ಕಾರ್ಡಸ್ ತನ್ನ ಆತ್ಮಕಥೆಯಲ್ಲಿ ಇದನ್ನೇ ಹೇಳುವ ಬಗೆ ಬೇರೆ. ಸೋಮವಾರ ಬೆಳಿಗ್ಗೆ ಆತ ಗಂಟುಮೂಟೆ ಕಟ್ಟಿ, ಪಂದ್ಯ ಹೇಗೂ ಹೋಯಿತು, ಕೊಂಚ ಹೊತ್ತು ನೋಡಿ ರೈಲು ಹಿಡಿಯೋಣ ಎಂದುಕೊಂಡಿರುತ್ತಾನೆ. ಹೊರಡಲು ಮನಸ್ಸು ಬರುವುದಿಲ್ಲ. ಗೆಲುವಿನ ಮಾತು ದೂರವೇ ಉಳಿಯಿತು, ಮಾನ ಉಳಿದರೆ ಸಾಕು ಎನ್ನುವ ಹಾಗೆ ಇಬ್ಬರು ನಿಂತು ಆಡುತ್ತಾರೆ. ಆ ಕಾಯುವಿಕೆಯೊಳಗೆ ಓದುವ ನನ್ನನ್ನೂ ಎಳೆದು ಕೂರಿಸುತ್ತಾನೆ. ಫಲಿತಾಂಶ ಬಾಯಿಪಾಠವಾಗಿದ್ದರೂ ನನಗೆ ಅಲ್ಲಿ ಪ್ರತಿ ಸಲ ಸಣ್ಣ ದಿಗಿಲು. ಸೋಲು ಎಷ್ಟು ಹೊತ್ತು ಖಚಿತವಾಗಿ ಕಾಣುತ್ತಿತ್ತು ಎಂಬುದನ್ನು ಅನುಭವಿಸದೆ ಆ 28 ರನ್ನಿನ ಬೆಲೆ ತಿಳಿಯುವುದು ಹೇಗೆ? ಸ್ಕೋರ್‌ಕಾರ್ಡಿನಲ್ಲಿ ಹೊತ್ತು ಎನ್ನುವುದೇ ಇಲ್ಲ. ಉದ್ದದ ಬರಹದಲ್ಲಿ ಅದು ಇರುತ್ತದೆ.

ಕರಾವಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವುದು ನಾಲ್ಕು ಸಾಲಿನ ಪದ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಲು ಕೂತರೆ ಆ ನಾಲ್ಕು ಸಾಲು ಬೆಳೆಯುತ್ತಲೇ ಹೋಗುತ್ತದೆ. ವಾಲಿ ಸಾಯುತ್ತಾನೆಂದು ಸಭೆಗೆಲ್ಲ ಗೊತ್ತು. ಸಾಯುವ ಮೊದಲು ರಾಮನಿಗೆ ಏನೇನು ಕೇಳುತ್ತಾನೆ ಎಂಬುದಕ್ಕಾಗಿ ಜನ ನಿದ್ದೆ ಬಿಟ್ಟು ಕೂರುತ್ತಾರೆ. ಅಲ್ಲಿಯೂ ‘ಮಾತು ಅತಿಯಾಯಿತು’ ಎಂದು ಗೊಣಗುವವರು ಇದ್ದೇ ಇರುತ್ತಾರೆ. ಎಷ್ಟೋ ಸಲ ಅವರ ಮಾತೂ ಸರಿಯೇ. ಪ್ರಸಂಗವನ್ನು ಬಿಟ್ಟು ಮಾತಿಗಾಗಿ ಮಾತು ಹೆಣೆಯತೊಡಗಿದರೆ ಸಭೆಗೆ ತಕ್ಷಣ ತಿಳಿಯುತ್ತದೆ.

ಕಾರ್ಡಸ್‌ನಲ್ಲೂ ಅಂಥ ಜಾಗಗಳಿವೆ. ಮಳೆಗೆ ಆಟ ನಿಂತ ದಿನ, ನೋಡಲು ಏನೂ ಇಲ್ಲದಾಗ, ಮೊಜಾರ್ಟ್ ಬರುತ್ತಾನೆ, ಷೇಕ್ಸ್‌ಪಿಯರ್ ಬರುತ್ತಾನೆ, ಉಪಮೆಯ ಬಾಲ ಹಿಡಿದು ಇನ್ನೊಂದು ಉಪಮೆ ಬರುತ್ತದೆ. ಅಂಥ ಪುಟಗಳನ್ನು ನಾನು ಹಾರಿಸುತ್ತೇನೆ. ಅದಕ್ಕಿಂತ ಗಂಭೀರವಾದ ದೂರು ಇನ್ನೊಂದು: ಆಟಗಾರರ ಬಾಯಲ್ಲಿ ತಾನೇ ಕಟ್ಟಿದ ಮಾತು ಹಾಕುತ್ತಿದ್ದ. ಡಿಕ್ ಟಿಲ್ಡೆಸ್ಲಿ ಒಮ್ಮೆ, ಚೆಂಡು ನೆಲ ಮುಟ್ಟಿತ್ತು ಎಂದು ತಾನು ಹಿಡಿದ ಕ್ಯಾಚನ್ನು ತಾನೇ ಬಿಟ್ಟುಕೊಟ್ಟ. ಕಾರ್ಡಸ್ ಹೊಗಳಿದಾಗ, ಅದೆಲ್ಲ ಊರಿನ ಸಂಡೇ ಸ್ಕೂಲಿನಲ್ಲಿ ಕಲಿತದ್ದು ಎಂದನಂತೆ. ಈ ಚಂದದ ಉತ್ತರ ಕಾರ್ಡಸ್‌ನ ಸೃಷ್ಟಿ. ಟಿಲ್ಡೆಸ್ಲಿ ಹೇಳಿದ್ದು ಬರೇ ಥ್ಯಾಂಕ್ಸ್ ಎಂದು ಕಾರ್ಡಸ್ಸೇ ಆಮೇಲೆ ಒಪ್ಪಿಕೊಂಡ. ಪತ್ರಿಕೆಯಲ್ಲಿ ಬರೆಯುವವನು ಇದನ್ನು ಮಾಡಬಾರದು. ಎಷ್ಟೇ ಪ್ರೀತಿಯಿದ್ದರೂ ಇದನ್ನು ನಾನು ಮಾಫಿ ಮಾಡಲಾರೆ. ಆದರೆ ಗೆಳೆಯ ಇದನ್ನು ಉದ್ದದ ತಲೆಗೆ ಕಟ್ಟಲು ಬಂದರೆ ಬಿಡುವುದಿಲ್ಲ. ಆ ಸುಳ್ಳು ಒಂದೇ ಒಂದು ಚುಟುಕು ಸಾಲು. ಬೌಲರ್‌ನ ಓಟ, ಮೈದಾನದ ಬಿಸಿಲು, ರನ್ನೇ ಬಾರದ ಒಂದು ಗಂಟೆ, ಆಟ ನಡೆದ ದಿನ ಕಾರ್ಡಸ್ ಉದ್ದ ಬರೆದದ್ದು ಹೆಚ್ಚಾಗಿ ಅವನು ಕೂತು ನೋಡಿದ್ದು.

ನಮ್ಮ ಭಾಷೆಯಲ್ಲಿ ಹೀಗೆ ಬರೆದವರಿದ್ದರೆ ಎಂದು ಆಸೆಯಾಗುತ್ತದೆ. 1975ರ ಜನವರಿ, ಚೆಪಾಕ್: ಆಂಡಿ ರಾಬರ್ಟ್ಸ್‌ಗೆ ಏಳು ವಿಕೆಟ್, ಭಾರತ 190, ಜಿ.ಆರ್. ವಿಶ್ವನಾಥ್ ಔಟಾಗದೆ 97. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು ಉಳಿದದ್ದು. ರಾಬರ್ಟ್ಸ್ ಓಡಿ ಬರುವಾಗ ಆ ಕುಳ್ಳಗಿನ ಮನುಷ್ಯ ಬ್ಯಾಟನ್ನು ಎಷ್ಟು ಸಡಿಲವಾಗಿ ಹಿಡಿದಿದ್ದರು, ಸ್ಕ್ವೇರ್ ಕಟ್ ಹೊಡೆಯುವ ಮುನ್ನ ಎಷ್ಟು ತಡವಾಗಿ ತಿರುಗಿದರು, ಪ್ರಸನ್ನ, ಬೇಡಿ, ಚಂದ್ರಶೇಖರ್ ಇನ್ನೊಂದು ತುದಿಗೆ ಬಂದಾಗ ಓವರಿನ ಕೊನೆಯ ಎಸೆತದಲ್ಲಿ ಒಂಟಿ ರನ್ನಿಗೆ ಎಲ್ಲೆಲ್ಲಿ ಸಂದು ಹುಡುಕಿದರು, ಚಂದ್ರ ಔಟಾದಾಗ ಅವರ ಮುಖಕ್ಕೆ ಯಾವ ಮಾತು ಹೇಳಿದರು ಅಥವಾ ಹೇಳಲಿಲ್ಲ. ಅಂದು ಮೈದಾನದಲ್ಲಿದ್ದು, ಇದನ್ನೆಲ್ಲ ಕಂಡು, ಒಂದು ಮಾತೂ ಕಟ್ಟದೆ ಕನ್ನಡದಲ್ಲಿ ಇಪ್ಪತ್ತು ಪುಟ ಬರೆಯುವವರು ಸಿಕ್ಕರೆ ನಾನು ಒಂದು ಸಾಲನ್ನೂ ಹಾರಿಸದೆ ಓದುತ್ತೇನೆ. ಗೆಳೆಯ ಎರಡು ಪುಟ ಸಾಕು ಎನ್ನುತ್ತಾನೆ. ಓದಿದ ಮೇಲೆ ಹೇಳಲಿ.