ಮಸಿ ಎಲ್ಲಿ ಕೂಡುತ್ತದೆ?

ಪಿಸ್ಟನ್ ಎಂಬ ಮಾತಿಗೆ ನಮ್ಮ ಪಂಡಿತರು ‘ಆಡುಬೆಣೆ’ ಎಂಬ ಅಚ್ಚುಕಟ್ಟಾದ ಹೆಸರನ್ನು ಕೊಟ್ಟಿದ್ದಾರೆ. ಆದರೆ ಶಿರಾಲಿಯ ಆಸುಪಾಸಿನಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಅಳ್ವೆಕೋಡಿಯ ಮೀನುಗಾರರ ದೋಣಿಗಳಲ್ಲಿ ಡೀಸೆಲ್ ಎಂಜಿನ್ ಇದೆ, ಎಂಜಿನ್ನಿನಲ್ಲಿ ಪಿಸ್ಟನ್ ಇದೆ. ಆದುದರಿಂದ ಆ ಶಬ್ದವು ಇಲ್ಲಿ ಬಲೆ, ಬಂಗುಡೆಗಳಷ್ಟೇ ಮನೆಯ ಮಾತು. ಬಂದೂಕಿನ ಹೊಟ್ಟೆಯಲ್ಲಿಯೂ ಒಂದು ಪಿಸ್ಟನ್ ಇರುವುದುಂಟೆಂದರೆ ಮಾತ್ರ ಜನ ನಂಬುವುದಿಲ್ಲ. ಹದಿನೇಳು ವರ್ಷ ಕಾಲಾಳು ದಳದಲ್ಲಿ ಅಂಥದೊಂದನ್ನು ಹೆಗಲ ಮೇಲೆ ಹೊತ್ತು, ದಿನವೂ ಬಿಚ್ಚಿ ಒರಸಿ ಬಂದವನು ನಾನು. ಅದರ ಬಗೆಗೆ ನಾಲ್ಕು ಮಾತು ಹೇಳುವ ಹಕ್ಕು ನನಗುಂಟೆಂದು ಭಾವಿಸುತ್ತೇನೆ.

೧೯೬೨ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದುದು ಮುಖ್ಯವಾಗಿ ‘ಥ್ರೀ ನಾಟ್ ಥ್ರೀ’. ಒಂದು ಗುಂಡು ಹಾರಿತೆಂದರೆ ಬೋಲ್ಟನ್ನು ಕೈಯಿಂದ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಕ್ಕೆ ಒತ್ತಬೇಕು. ಆಮೇಲೆ ಇನ್ನೊಂದು ಗುಂಡು. ಅದರ ತರುವಾಯದ ವರ್ಷಗಳಲ್ಲಿ ಬಂಗಾಳದ ಇಶಾಪುರದ ಕಾರ್ಖಾನೆಯಿಂದ ಎಸ್.ಎಲ್.ಆರ್. ಬಂದಿತು. ಬೆಲ್ಜಿಯಂ ದೇಶದ ದ್ಯುದೊನೆ ಸೇವ್ ಎಂಬಾತನು ರೂಪಿಸಿದ ‘ಫಾಲ್’ ರೈಫಲಿನ ಬಂಧು ಅದು. ಕೈಯಿಂದ ಮಾಡಬೇಕಾಗಿದ್ದ ದುಡಿಮೆಯನ್ನು ಅದು ತಾನೇ ಮಾಡಿಕೊಳ್ಳುತ್ತದೆ.

ಹೇಗೆಂದರೆ, ಮದ್ದು ಉರಿದಾಗ ಹುಟ್ಟುವ ಅನಿಲವು ಗುಂಡನ್ನು ನಳಿಗೆಯಲ್ಲಿ ಅಟ್ಟಿಕೊಂಡು ಹೋಗುತ್ತದೆ. ನಳಿಗೆಯ ಮೇಲ್ಗಡೆ ಒಂದು ಸಣ್ಣ ರಂಧ್ರ. ಗುಂಡು ಅದನ್ನು ದಾಟಿದೊಡನೆ ಅನಿಲದ ಒಂದು ಪಾಲು ರಂಧ್ರದಿಂದ ಮೇಲೇರಿ, ಅಲ್ಲಿನ ಕೊಳವೆಯೊಳಗಿರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳಿಗೆ ಬೋಲ್ಟಿನ ಬೀಗ ಕಳಚುತ್ತದೆ, ಖಾಲಿ ತೋಟೆ ಹೊರಕ್ಕೆ ಹಾರುತ್ತದೆ. ಮರಳುವ ಸ್ಪ್ರಿಂಗು ಹೊಸ ತೋಟೆಯನ್ನು ಒಳಕ್ಕೆ ನೂಕುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಷ್ಟೂ ಮುಗಿದಿರುತ್ತದೆ.

ಈ ಅನಿಲವನ್ನು ದುಡಿಸಿಕೊಳ್ಳುವ ಆಲೋಚನೆ ಹಳೆಯದು. ಗುಂಡು ಹಾರಿದಾಗ ಮುಂದಿನ ಹುಲ್ಲು ತೊನೆದುದನ್ನು ಅಮೆರಿಕದ ಜಾನ್ ಬ್ರೌನಿಂಗ್ ೧೮೮೯ರಲ್ಲಿ ಕಂಡು, ವ್ಯರ್ಥವಾಗುವ ಈ ಬಲವನ್ನು ಹಿಡಿಯಬೇಕೆಂದು ಹೊರಟನಂತೆ. ಮೆಕ್ಸಿಕೋದ ಮೊಂಡ್ರಗಾನನ ರೈಫಲನ್ನು ಅಲ್ಲಿಯ ಸೈನ್ಯವು ೧೯೦೮ರಲ್ಲಿಯೇ ಸ್ವೀಕರಿಸಿತು. ೧೯೩೬ರಲ್ಲಿ ಅಮೆರಿಕದ ಗ್ಯಾರಂಡ್, ೧೯೪೭ರಲ್ಲಿ ರಷ್ಯದ ಕಲಾಶ್ನಿಕೋವ್.

ಪಿಸ್ಟನ್ನುಗಳಲ್ಲಿ ಎರಡು ಜಾತಿ. ಚೈತ್ರದಲ್ಲಿ ಚಿತ್ರಾಪುರ ಮಠದ ರಥೋತ್ಸವವನ್ನೋ, ಬೇರೆ ಯಾವ ಊರಿನ ತೇರನ್ನೋ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಹಗ್ಗ ಹಿಡಿದವರು ತೇರಿನೊಡನೆ ಕೊನೆಯವರೆಗೂ ನಡೆಯುತ್ತಾರೆ; ಗಾಲಿಯ ಬಳಿ ಸನ್ನೆಗೋಲು ಹಿಡಿದವನು ಒಮ್ಮೆ ಬಲವಾಗಿ ಮೀಟಿ ಹಿಂದೆ ಸರಿಯುತ್ತಾನೆ. ಕಲಾಶ್ನಿಕೋವಿನಲ್ಲಿ ಪಿಸ್ಟನ್ ಬೋಲ್ಟಿನ ವಾಹಕಕ್ಕೇ ಬಿಗಿದಿದ್ದು, ಅದರೊಡನೆ ಹಿಂದಕ್ಕೂ ಮುಂದಕ್ಕೂ ಹೋಗಿಬರುತ್ತದೆ. ನಮ್ಮ ಎಸ್.ಎಲ್.ಆರ್.ನದು ಸನ್ನೆಗೋಲಿನವನ ಜಾತಿ: ಒಂದು ಪೆಟ್ಟು ಕೊಟ್ಟು ಸ್ವಸ್ಥಾನಕ್ಕೆ ಮರಳುತ್ತದೆ.

ಇದು ಕೇವಲ ಯಂತ್ರದ ಕುತೂಹಲವೆಂದು ನಾನು ಬಹುಕಾಲ ಎಣಿಸಿದ್ದೆ. ಈಶಾನ್ಯದ ಗುಡ್ಡಗಾಡಿನಲ್ಲಿ, ಆಷಾಢದ ಮಳೆಯಲ್ಲಿ, ಗಸ್ತಿನಲ್ಲಿದ್ದ ನಮ್ಮ ತುಕಡಿಯ ಮೇಲೆ ಎದುರಿನ ದಿಬ್ಬದಿಂದ ಗುಂಡುಗಳು ಬಂದ ದಿನ ಆ ಎಣಿಕೆ ಮುಗಿಯಿತು. ನನ್ನ ಬಲಕ್ಕೆ ಮಲಗಿದ್ದವನು ಹೊನ್ನಾವರದ ಕಡೆಯ ಹುಡುಗ, ಇನ್ನೂ ಮೀಸೆ ಮೂಡುತ್ತಿದ್ದ ಪ್ರಾಯ. ಇಪ್ಪತ್ತು ಗುಂಡಿನ ಮೊದಲ ಮ್ಯಾಗಜಿನ್ ಸರಾಗವಾಗಿ ಮುಗಿಯಿತು. ಎರಡನೆಯದರ ನಡುವೆ ಅವನ ರೈಫಲ್ ನಿಂತಿತು. ಹಿಡಿಕೆಯನ್ನೆಳೆದು ಒಂದು ಹೊಡೆದ, ಮತ್ತೆ ನಿಂತಿತು, ಮತ್ತೆ ಎಳೆದ. “ಅಣ್ಣಾ, ಇದು ಥ್ರೀ ನಾಟ್ ಥ್ರೀ ಆಗಿಹೋಯಿತು!” ಎಂದು ಕೂಗಿದ. ಅಂಥ ಹೊತ್ತಿನಲ್ಲಿ ಬಂದ ಆ ಮಾತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಉಂಗುರ ತಿರುಗಿಸು!” ಎಂದೆ. ನಳಿಗೆಯ ಮೇಲಿನ ಆ ಉಂಗುರವು ಹೆಚ್ಚಾದ ಅನಿಲವನ್ನು ಹೊರಬಿಡುವ ಬಾಗಿಲು. ಅದನ್ನು ಮುಚ್ಚಿದಷ್ಟೂ ಪಿಸ್ಟನ್ನಿನ ಮೇಲೆ ಬಲ ಹೆಚ್ಚು. ಹುಡುಗನು ಒದ್ದೆ ಕೈಯಲ್ಲಿ ಎರಡು ಕಟಕು ತಿರುಗಿಸಿದ. ರೈಫಲ್ ಕೆಮ್ಮುತ್ತ ಕೆಮ್ಮುತ್ತ ಮತ್ತೆ ನಡೆಯಿತು. ಸಂಜೆಗೆ ಎಲ್ಲರೂ ಜೀವಸಹಿತ ಕೆಳಗಿಳಿದೆವು.

ರಾತ್ರಿ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ತಲೆಯ ಮೇಲೆ ಡಾಂಬರಿನಂಥ ಅಂಟು. ಹುಡುಗನು ಸೋಮಾರಿಯಲ್ಲ, ಅತಿ ಜಾಗರೂಕ. ಉಪ್ಪುಗಾಳಿಯ ಊರಿನಲ್ಲಿ ಬೆಳೆದವನಿಗೆ ಕಬ್ಬಿಣವೆಂದರೆ ತುಕ್ಕು, ತುಕ್ಕೆಂದರೆ ಎಣ್ಣೆ. ಕತ್ತಿಗೂ ಬೀಗಕ್ಕೂ ಕೊಬ್ಬರಿ ಎಣ್ಣೆ ಸವರುವ ನಾಡಿನವನು, ಬೆಳಿಗ್ಗೆ ಹೊರಡುವ ಮೊದಲು ಪಿಸ್ಟನ್ನಿಗೂ ಬಂದೂಕಿನ ಎಣ್ಣೆಯನ್ನು ಧಾರಾಳವಾಗಿ ಹಚ್ಚಿದ್ದ. ಉರಿದ ಮದ್ದಿನ ಮಸಿಯೂ ಎಣ್ಣೆಯೂ ಕೂಡಿ ಪಾಕವಾಗಿದ್ದವು.

ಈ ಕಥೆಯನ್ನು ಊರಿಗೆ ಬಂದ ಮೇಲೆ ದೋಣಿಯ ಎಂಜಿನ್ ರಿಪೇರಿ ಮಾಡುವ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಒಪ್ಪಲೇ ಇಲ್ಲ. “ಎಣ್ಣೆ ಇಲ್ಲದ ಪಿಸ್ಟನ್ ಎಲ್ಲಾದರೂ ಉಂಟಾ ಮಾರಾಯ್ರೇ? ಅರ್ಧ ಗಂಟೆಯೊಳಗೆ ಹಿಡಿದುಕೊಳ್ತದೆ!” ಅವನ ಮಾತು ಅವನ ಎಂಜಿನ್ನಿಗೆ ಸರಿ. ಅಲ್ಲಿ ಪಿಸ್ಟನ್ ಬಿಡುವಿಲ್ಲದೆ ಓಡಾಡುತ್ತದೆ. ಕೆಳಗಿನಿಂದ ಎಣ್ಣೆ ಸದಾ ಚಿಮ್ಮುತ್ತಿರುತ್ತದೆ, ಹೆಚ್ಚಾದುದನ್ನು ರಿಂಗುಗಳು ಕೆರೆದು ಇಳಿಸುತ್ತವೆ. ಬಂದೂಕಿನ ಪಿಸ್ಟನ್ನಿಗೆ ಗುಂಡಿಗೊಂದೇ ನಡೆ. ಎಣ್ಣೆ ಉಣಿಸುವವರಿಲ್ಲ, ಬೆಂಕಿಯಂಥ ಅನಿಲ ಮಾತ್ರ ನೇರವಾಗಿ ತಲೆಗೇ ಬಡಿಯುತ್ತದೆ. ಆದುದರಿಂದ ಎತ್ತಿಡುವಾಗ ತುಕ್ಕು ಹಿಡಿಯದಂತೆ ತೆಳ್ಳಗೆ ಎಣ್ಣೆ. ಹೊರಡುವ ಮುನ್ನ ಪಿಸ್ಟನ್ನನ್ನೂ ಅದರ ಕೊಳವೆಯನ್ನೂ ಒಣಗುವಂತೆ ಒರಸಬೇಕು. ಬೋಲ್ಟು ಜಾರುವ ಜಾಗಕ್ಕೆ ಎಣ್ಣೆ ಬೇಕೇ ಬೇಕು.

ಪಿಸ್ಟನ್ನಿನ ದಂಡವೇ ಬೇಡವೆಂದವನೂ ಒಬ್ಬನುಂಟು: ಅಮೆರಿಕದ ಯೂಜೀನ್ ಸ್ಟೋನರ್. ಆತನ ಎಂ-೧೬ರಲ್ಲಿ ಸಣ್ಣ ನಾಳವೊಂದು ಅನಿಲವನ್ನು ನೇರವಾಗಿ ಬೋಲ್ಟಿನ ವಾಹಕಕ್ಕೇ ಊದುತ್ತದೆ. ರೈಫಲ್ ಹಗುರ, ಗುರಿಯೂ ಚೊಕ್ಕ. ಆದರೆ ಮಸಿಯೆಲ್ಲ ಒಳಮನೆಗೆ. ವಿಯೆಟ್ನಾಮಿನಲ್ಲಿ ಮದ್ದಿನ ಬಗೆಯನ್ನು ಬದಲಿಸಿ, ಒರಸುವ ಸಾಮಗ್ರಿಯನ್ನೂ ಸಾಕಷ್ಟು ಕೊಡದೆ ಕಳುಹಿಸಿದುದರಿಂದ ಅದು ಕೈಕೊಟ್ಟಿತು, ಸೈನಿಕರು ಸತ್ತರು. ಮುಂದೆ ಜರ್ಮನರು ಅದೇ ಮೈಕಟ್ಟಿಗೆ ಗಿಡ್ಡ ಪಿಸ್ಟನ್ ಕೂಡಿಸಿ ಎಚ್.ಕೆ. ೪೧೬ನ್ನು ಮಾಡಿದರು, ೨೦೧೬ರಲ್ಲಿ ಫ್ರಾನ್ಸ್ ಅದನ್ನು ಆರಿಸಿಕೊಂಡಿತು. ಈಗ ‘ಪಿಸ್ಟನ್ ರೈಫಲಿಗೆ ಶುಚಿ ಬೇಡ’ ಎಂದು ಜಂಬ ಕೊಚ್ಚುವವರಿದ್ದಾರೆ. ನಾನಿದನ್ನು ಒಪ್ಪೆ. ಒಲೆಗೆ ಹೊಗೆಕೊಳವೆ ಕಟ್ಟಿಸಿದರೆ ಅಡಿಗೆಮನೆಯ ಗೋಡೆ ಬೆಳ್ಳಗಿದ್ದೀತು. ಮಸಿ ಕೊಳವೆಯಲ್ಲಿ ಕೂತಿರುತ್ತದೆ. ಅದನ್ನು ಕೆರೆಯುವವರು ಬೇಡವೇ?

ನನ್ನ ಎಸ್.ಎಲ್.ಆರ್. ಬಳಿಕ ಬಂದ ಇನ್ಸಾಸ್ ಉದ್ದ ನಡೆಯ ಪಿಸ್ಟನ್ನಿನದು. ೧೯೯೯ರ ಕಾರ್ಗಿಲ್ ಚಳಿಯಲ್ಲಿ ಅದರ ಮೇಲೆ ದೂರು ಬಂದುದುಂಟು. ಆದರೆ ಸೀಳಿದುದು ಪ್ಲಾಸ್ಟಿಕ್ ಮ್ಯಾಗಜಿನ್. ೨೦೨೧ರ ಒಪ್ಪಂದದಂತೆ ಆರು ಲಕ್ಷಕ್ಕೂ ಮಿಕ್ಕಿ ಎ.ಕೆ. ೨೦೩ ರೈಫಲುಗಳನ್ನು ಅಮೇಠಿಯ ಕೊರ್ವಾದಲ್ಲಿ ತಯಾರಿಸಬೇಕೆಂದು ನಿಶ್ಚಯವಾಗಿದೆ. ಅದೂ ಹಗ್ಗ ಹಿಡಿದು ಕೊನೆಯವರೆಗೂ ನಡೆಯುವವರ ಜಾತಿಯೇ.

ರಜೆಯ ಮೇಲೆ ಬಂದಿದ್ದ ನಮ್ಮ ಕೇರಿಯ ಜವಾನನೊಬ್ಬನನ್ನು ಮೊನ್ನೆ ಕೇಳಿದೆ: “ಮಳೆಗಾಲದಲ್ಲಿ ಪಿಸ್ಟನ್ನಿಗೆ ಎಣ್ಣೆ ಹಚ್ಚುತ್ತೀಯೇನೋ?”

“ಶಸ್ತ್ರಾಗಾರಕ್ಕೆ ಕೊಡುವಾಗ ಹಚ್ಚುತ್ತೇವೆ, ಹೊರಡುವ ಮೊದಲು ಒರಸುತ್ತೇವೆ, ಅಜ್ಜ,” ಎಂದ. ಒರಸುವ ಚಿಂದಿ ಮಾತ್ರ ಈಗಲೂ ಸಾಲುವುದಿಲ್ಲವಂತೆ.