ವೀಳ್ಯದೆಲೆ ತೋಟದ ಓಣಿ

ಬ್ಯಾಂಕಾಕಿನ ಸಾಥೋನ್ ರಸ್ತೆಯು ಗಗನಚುಂಬಿ ಸೌಧಗಳ ಹಾಗೂ ರಾಯಭಾರ ಕಚೇರಿಗಳ ಬೀದಿ. ಅಲ್ಲಿಂದ ದಕ್ಷಿಣಕ್ಕೆ ಹೊರಳಿದ ಯಾತ್ರಿಕನಿಗೆ ಸುವನ್ ಫ್ಲೂ ಎಂಬ ಓಣಿ ಎದುರಾಗುತ್ತದೆ. ಥಾಯಿ ಭಾಷೆಯಲ್ಲಿ ‘ಸುವನ್’ ಎಂದರೆ ತೋಟ. ‘ಫ್ಲೂ’ ಎಂದರೆ ವೀಳ್ಯದೆಲೆ. ಎಲೆಯಡಕೆಯ ನಾಡಿನಿಂದ ಹೋದವನಿಗೆ ಈ ಹೆಸರನ್ನು ಕೇಳಿದೊಡನೆಯೇ ಬಳ್ಳಿಯ ತಂಪು ನೆನಪಾದರೆ ಸೋಜಿಗವಿಲ್ಲ. ಇಂದು ಅಲ್ಲಿ ತೋಟದ ಸುಳಿವೂ ಇಲ್ಲ. ಬಳ್ಳಿಗಳ ಬದಲು ತಲೆಯ ಮೇಲೆ ತಂತಿಗಳು ಹಬ್ಬಿವೆ. ಹೆಚ್ಚಿದ ಹಣ್ಣುಗಳನ್ನೂ ಹುರಿದ ತಿಂಡಿಗಳನ್ನೂ ಮಾರುವ ಗಾಡಿಗಳು ಬದಿಯಲ್ಲಿ ನಿಂತಿವೆ. ಕಾದಂಬರಿಕಾರರೂ ಥಾಯ್ಲೆಂಡಿನ ಪ್ರಧಾನಿಗಳೂ ಆಗಿದ್ದ ಕುಕ್ರಿತ್ ಪ್ರಾಮೋಜರ ತೇಗದ ಮನೆ ಇದರ ನೆರೆಯಲ್ಲಿಯೇ ಇದೆ. ಪ್ರವಾಸಿಗಳು ಹುಡುಕಿಕೊಂಡು ಬರುವುದು ಆ ಮನೆಯನ್ನು. ಆದರೆ ಈ ಓಣಿಯಲ್ಲಿ ಅವರು ನೋಡಲು ಬಾರದ ಮತ್ತೊಂದು ಕಟ್ಟಡವಿದೆ. ಅದು ವಲಸೆ ಇಲಾಖೆಯ ಬಂಧನಗೃಹ.

ಅದರೊಳಗಿರುವವರಲ್ಲಿ ಅನೇಕರು ಕದ್ದವರಲ್ಲ, ಕೊಂದವರಲ್ಲ. ಅನುಮತಿ ದೊರೆತ ದಿನಗಳಿಗಿಂತ ಹೆಚ್ಚು ದಿನ ಉಳಿದವರು, ಅಷ್ಟೇ.

ಈ ಅಪರಾಧದ ಮೊದಲ ಅಕ್ಷರ ಬರೆಯಲ್ಪಡುವುದು ಸುವರ್ಣಭೂಮಿ ವಿಮಾನನಿಲ್ದಾಣದಲ್ಲಿ. ಬೆಂಗಳೂರಿನಿಂದ ಹೊರಟ ವಿಮಾನವು ಸುಮಾರು ನಾಲ್ಕು ಗಂಟೆಗಳಲ್ಲಿ ಅಲ್ಲಿಗೆ ತಲಪುತ್ತದೆ. ಅಧಿಕಾರಿಯು ಪಾಸ್‌ಪೋರ್ಟಿನ ಹಾಳೆಯ ಮೇಲೆ ಮುದ್ರೆಯೊತ್ತುತ್ತಾನೆ. ಮುದ್ರೆಯಲ್ಲಿ ಎರಡು ತಾರೀಖುಗಳು: ಬಂದದ್ದು ಒಂದು, ಹೊರಡಬೇಕಾದದ್ದು ಒಂದು. ಥಾಯಿ ಭಾಷೆಯಲ್ಲಿ ರಾಜ್ಯಕ್ಕೆ ‘ರಾಚ್ಚ ಆಣಾಚಕ್’ ಎನ್ನುತ್ತಾರೆ. ನಮ್ಮ ‘ರಾಜ’, ‘ಆಜ್ಞೆ’, ‘ಚಕ್ರ’ ಮೂರೂ ಅದರೊಳಗೆ ವೇಷ ಮರೆಸಿಕೊಂಡು ಕುಳಿತಿವೆ. ರಾಜಾಜ್ಞೆ ನಡೆಯುವ ವಲಯ ಎಂದು ಅರ್ಥ. ಆ ವಲಯದಲ್ಲಿ ಪರದೇಶಿಯ ವಾಯಿದೆಯನ್ನು ನಿರ್ಧರಿಸುವುದು ಈ ಪುಟ್ಟ ಮುದ್ರೆಯೇ ಹೊರತು ವೀಸಾ ಅಲ್ಲ. ವೀಸಾದ ಮೇಲಿನ ತಾರೀಖು ದೇಶದೊಳಕ್ಕೆ ಕಾಲಿಡಬೇಕಾದ ಗಡುವನ್ನು ಹೇಳುತ್ತದೆ, ಉಳಿಯುವ ಗಡುವನ್ನಲ್ಲ. ಈ ಎರಡನ್ನೂ ಒಂದೆಂದು ತಿಳಿದು ಮೋಸಹೋದ ವಿದ್ಯಾವಂತರಿಗೇನೂ ಕೊರತೆಯಿಲ್ಲ.

ತಪ್ಪಿದವನಿಗೆ ದಿನವೊಂದಕ್ಕೆ 500 ಬಾತ್ ದಂಡ. (ಬಾತ್ ಅಲ್ಲಿನ ನಾಣ್ಯ, ನಮ್ಮ ಅಡುಗೆಮನೆಯ ಬಾತಿಗೂ ಅದಕ್ಕೂ ನಂಟಿಲ್ಲ.) ದಂಡದ ಮೇಲ್ಮಿತಿ 20,000 ಬಾತ್. ಎಂದರೆ ನಲವತ್ತು ದಿನಗಳಿಗೆ ಲೆಕ್ಕ ಮುಗಿಯಿತು. ಅನಂತರ ನಲವತ್ತೊಂದು ದಿನ ಉಳಿದವನಿಗೂ ಹತ್ತು ವರ್ಷ ಉಳಿದವನಿಗೂ ದಂಡ ಒಂದೇ! 1979ರ ವಲಸೆ ಕಾಯಿದೆಯಲ್ಲಿ ಎರಡು ವರ್ಷಗಳವರೆಗಿನ ಸೆರೆವಾಸದ ಮಾತೂ ಉಂಟು. ಆದರೆ ವಿಮಾನನಿಲ್ದಾಣಕ್ಕೆ ತಾನಾಗಿ ಬಂದು ಹಣ ಎಣಿಸಿದವನಿಗೆ ರಸೀತಿ ಕೊಟ್ಟು ಕಳುಹಿಸುವುದೇ ರೂಢಿ. ಹೀಗಾಗಿ ಕಡಲತೀರದಲ್ಲಿ ಬಿಡಾರ ಹೂಡಿದ ಎಷ್ಟೋ ಮಂದಿ ಪಾಶ್ಚಾತ್ಯರು ಇದನ್ನು ದಂಡವೆಂದೇ ಎಣಿಸಲಿಲ್ಲ, ಬಾಡಿಗೆಯೆಂದು ಎಣಿಸಿದರು.

ಸ್ವಲ್ಪ ಜಾಗರೂಕರಾದವರು ಉತ್ತರದ ಗಡಿಯ ಮೇ ಸಾಯ್ ಪಟ್ಟಣದ ದಾರಿ ಹಿಡಿಯುತ್ತಿದ್ದರು. ಬ್ಯಾಂಕಾಕಿನಲ್ಲಿ ಮೊದಲಾಗುವ ಒಂದನೆಯ ಹೆದ್ದಾರಿಯು ಸುಮಾರು 1,000 ಕಿಲೋಮೀಟರ್ ಓಡಿ ಕೊನೆಗೊಳ್ಳುವುದು ಅಲ್ಲಿಯೇ. ಊರಿನ ಕಡೆಗೆ ಒಂದು ಕಿರುಹೊಳೆ, ಅದಕ್ಕೊಂದು ಸೇತುವೆ. ಆಚೆಗೆ ಬರ್ಮಾದ ತಾಚಿಲೆಕ್. ಥಾಯ್ಲೆಂಡಿನ ಗಾಡಿಗಳು ಎಡಕ್ಕೂ ಬರ್ಮಾದವು ಬಲಕ್ಕೂ ಚಲಿಸುವುದರಿಂದ ಅಲ್ಲಿ ದಾಟುವ ವಾಹನಗಳು ಪಕ್ಕ ಬದಲಿಸಬೇಕು. ಮನುಷ್ಯರು ಬದಲಿಸುತ್ತಿದ್ದುದು ತಾರೀಖನ್ನು. ಆಚೆಯ ಠಾಣೆಯಲ್ಲಿ ಹಣ ತೆತ್ತು, ಪಾಸ್‌ಪೋರ್ಟನ್ನು ಒಪ್ಪಿಸಿ, ದಿನದ ಚೀಟಿ ಪಡೆದು, ಅಂಗಡಿಬೀದಿಯಲ್ಲಿ ಸುತ್ತಾಡಿ, ಅದೇ ಸೇತುವೆಯಿಂದ ಹಿಂದಿರುಗಿದರೆ ಹೊಸ ಮುದ್ರೆ, ಹೊಸ ವಾಯಿದೆ. 2016ರ ಕೊನೆಯಲ್ಲಿ, ವೀಸಾ ಇಲ್ಲದೆ ಭೂಮಾರ್ಗವಾಗಿ ಬರುವವರಿಗೆ ವರ್ಷಕ್ಕೆ ಎರಡೇ ಸಲ ಪ್ರವೇಶವೆಂದು ಸರಕಾರ ಗೊತ್ತುಮಾಡಿದಾಗ ಈ ಜಾತ್ರೆ ಇಳಿಮುಖವಾಯಿತು.

ಅದೇ ವರ್ಷದ ಮಾರ್ಚ್ 20ರಿಂದ ದಂಡದ ಜೊತೆಗೆ ಬಹಿಷ್ಕಾರವೂ ಬಂದಿತ್ತು. ತೊಂಬತ್ತು ದಿನ ಮೀರಿ ಉಳಿದು ತಾನಾಗಿ ಹೊರಟವನು ಒಂದು ವರ್ಷ ಮರಳಿ ಬರುವಂತಿಲ್ಲ. ಐದು ವರ್ಷ ಮೀರಿದ್ದರೆ ಹತ್ತು ವರ್ಷ. ಸಿಕ್ಕಿಬಿದ್ದವನಿಗಂತೂ ಹೆಚ್ಚಾದದ್ದು ಒಂದೇ ದಿನವಾದರೂ ಐದು ವರ್ಷ ಬಾಗಿಲು ಮುಚ್ಚುತ್ತದೆ. ಮನಬಂದಂತೆ ಉಳಿಯುವ ಸೋಮಾರಿಗಳಿಗೆ ಇದು ತಕ್ಕ ಮದ್ದೆಂಬುದನ್ನು ಒಪ್ಪಬಹುದು. ಆದರೆ ಹಿಂದಿರುಗಲು ಊರೇ ಇಲ್ಲದವನು ಏನು ಮಾಡಬೇಕು?

ಅಂಥವರು ಬ್ಯಾಂಕಾಕಿನಲ್ಲಿ ಇದ್ದಾರೆ. ಪಾಕಿಸ್ತಾನದ ಅನೇಕ ಕ್ರೈಸ್ತ, ಅಹಮದೀಯ ಕುಟುಂಬಗಳು ಪ್ರಾಣಭಯದಿಂದ ಪ್ರವಾಸಿ ವೀಸಾ ಪಡೆದು, ಒಂದೆರಡು ಪೆಟ್ಟಿಗೆಗಳೊಡನೆ ವಿಹಾರಕ್ಕೆ ಬಂದವರಂತೆ ಸುವರ್ಣಭೂಮಿಯಲ್ಲಿ ಇಳಿದುವು. ವೀಸಾ ಸುಲಭವಾಗಿ ದೊರೆಯುವ ದೇಶವೆಂಬುದೇ ಅವರ ಆಯ್ಕೆಗೆ ಕಾರಣ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ಅವರ ಅರ್ಜಿಗಳು ವರ್ಷಗಟ್ಟಲೆ ಕಾದುವು. ಮುದ್ರೆಯ ವಾಯಿದೆ ಮಾತ್ರ ಎರಡು ತಿಂಗಳಲ್ಲಿ ಮುಗಿಯಿತು. 1951ರ ನಿರಾಶ್ರಿತರ ಒಡಂಬಡಿಕೆಗೆ ಥಾಯ್ಲೆಂಡ್ ಸಹಿ ಹಾಕಿಲ್ಲ. ಆದುದರಿಂದ ಕಡಲತೀರದ ವಿಲಾಸಿಗೂ ಬಾಡಿಗೆಯ ಕೋಣೆಯಲ್ಲಿ ಕದವಿಕ್ಕಿ ಕುಳಿತವನಿಗೂ ಕಾಯಿದೆಯ ಪುಸ್ತಕದಲ್ಲಿ ಇದ್ದುದು ಒಂದೇ ಹೆಸರು. ಬಾಗಿಲ ಬಳಿ ಬೂಟಿನ ಸಪ್ಪಳವಾದರೆ ಸಾಕು, ಮನೆಯೊಳಗಿನ ಕೂಸಿನ ಬಾಯಿಯನ್ನು ತಾಯಿ ಮುಚ್ಚಬೇಕು.

ಸಿಕ್ಕಿದವರನ್ನು ತಂದಿಡುವುದು ಸುವನ್ ಫ್ಲೂ ಓಣಿಗೆ. ಜಾಮೀನಿಗೆ ತಲೆಗೆ 50,000 ಬಾತ್ ಕಟ್ಟಬೇಕಾಗಿತ್ತು. ಕೂಲಿಗೂ ಅನುಮತಿಯಿಲ್ಲದವರು ಎಲ್ಲಿಂದ ತಂದಾರು? 2019ರ ಜನವರಿ 21ರಂದು, ಮಕ್ಕಳನ್ನು ಅಲ್ಲಿ ಕೂಡಿಹಾಕಬಾರದೆಂಬ ಒಪ್ಪಂದಕ್ಕೆ ಸರಕಾರದ ಇಲಾಖೆಗಳು ಸಹಿಹಾಕಿದುವು. ಮಕ್ಕಳೊಡನೆ ತಾಯಂದಿರು ಜಾಮೀನಿನ ಮೇಲೆ ಹೊರಬಂದರು. ತಂದೆಯರು ಹಲವು ವೇಳೆ ಒಳಗೇ ಉಳಿದರು. 2023ರ ಸೆಪ್ಟೆಂಬರ್ 22ರಿಂದ, ರಕ್ಷಣೆ ಬೇಕಾದವರನ್ನು ಪ್ರತ್ಯೇಕವಾಗಿ ಗುರುತಿಸುವ ವ್ಯವಸ್ಥೆಯೊಂದು ಜಾರಿಗೆ ಬಂದಿದೆ.

ಕೋವಿಡ್ ಪಿಡುಗಿಗೆ ಮೊದಲಿನ ವರ್ಷಗಳಲ್ಲಿ ಬೆಳಗಾದರೆ ಆ ಕಟ್ಟಡದ ಮುಂದೆ ಕೆಲವರು ಹಣ್ಣಿನ ಬುತ್ತಿ ಹಿಡಿದು ನಿಲ್ಲುತ್ತಿದ್ದರು. ನೆಂಟರಲ್ಲ, ಇಗರ್ಜಿಗಳಿಂದಲೂ ಸೇವಾಸಂಘಗಳಿಂದಲೂ ಬಂದವರು. ಯಾರನ್ನು ಕಾಣಬೇಕೆಂದು ಹೆಸರು ಬರೆದುಕೊಡದೆ ಒಳಗೆ ಬಿಡುವಂತಿರಲಿಲ್ಲ. ಹೆಸರು ಬರೆದುಕೊಟ್ಟರೆ ಆತನನ್ನು ಕೋಣೆಯಿಂದ ಕರೆತರುತ್ತಿದ್ದರು. ಅದೊಂದು ಗಂಟೆಯಾದರೂ ಅವನಿಗೆ ಗಾಳಿ ಬದಲಾಗಲೆಂದು, ತಾವು ಎಂದೂ ಕಂಡರಿಯದ ಮನುಷ್ಯನ ಹೆಸರನ್ನು ಒಬ್ಬರಿಂದೊಬ್ಬರು ಕೇಳಿ ಬರೆದುಕೊಳ್ಳುತ್ತಿದ್ದರು. ನಡುವೆ ಎರಡು ಬೇಲಿಗಳು. ಈಚೆ ಬೇಲಿಯಿಂದ ಇವರೂ ಆಚೆ ಬೇಲಿಯಿಂದ ಅವರೂ ಒಟ್ಟಿಗೆ ಕೂಗಿಕೊಳ್ಳುವಾಗ ಯಾರ ಮಾತು ಯಾರಿಗೆಂದು ತಿಳಿಯುತ್ತಿರಲಿಲ್ಲ. ಗಂಟೆ ಮುಗಿದ ಮೇಲೆ ಇವರು ಓಣಿಗೆ ಇಳಿದು, ಮರುದಿನಕ್ಕೆ ಬೇಕಾದ ಹೆಸರನ್ನು ಚೀಟಿಯಲ್ಲಿ ಗುರುತುಹಾಕಿಕೊಂಡು, ಬಸ್ಸು ಹಿಡಿಯುತ್ತಿದ್ದರು.